ಅರವತ್ತನೇ ಪುಟಕ್ಕೇ ಗೊತ್ತಾಗಿತ್ತು

ಪತ್ತೇದಾರಿ ಕಾದಂಬರಿ ಹೇಗಿತ್ತು ಎಂದು ಕೇಳಿದರೆ ‘ಪರವಾಗಿಲ್ಲ, ಓದ್ಬೋದು’ ಎಂದು ಹೇಳಿ, ಒಂದು ಗಳಿಗೆ ಬಿಟ್ಟು, ‘ನಂಗೆ ಅರವತ್ತನೇ ಪುಟಕ್ಕೇ ಗೊತ್ತಾಗೋಯ್ತು ಬಿಡಿ’ ಎಂದು ಸೇರಿಸುವವರು ಬೆಂಗಳೂರು ಗ್ರಾಮಾಂತರದ ನಾಲ್ಕೂ ತಾಲ್ಲೂಕುಗಳಲ್ಲಿ ಸಿಗುತ್ತಾರೆ. ದೊಡ್ಡಬಳ್ಳಾಪುರದಲ್ಲಿ ಇವರು ನಾಲ್ಕು ಪವರ್‌ಲೂಮ್ ಮಗ್ಗಗಳ ಮಾಲೀಕರು. ದೇವನಹಳ್ಳಿಯಲ್ಲಿ ನಿವೃತ್ತ ಮೇಷ್ಟ್ರು. ಹೊಸಕೋಟೆಯಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಮೇಜು ಹಾಕಿಕೊಂಡ ಪತ್ರಬರಹಗಾರರು. ನೆಲಮಂಗಲದಲ್ಲಿ ದಿನವೂ ಮೆಜೆಸ್ಟಿಕ್ ಬಸ್ಸಿನ ಕಿಟಕಿ ಸೀಟಿಗೆ ಕರವಸ್ತ್ರ ಎಸೆಯುವ ಗುಮಾಸ್ತರು. ಕಸುಬು ಬೇರೆ ಬೇರೆ, ತೀರ್ಪು ಒಂದೇ. ಪುಸ್ತಕ ಕೈಗೆ ಬಂದ ಕೂಡಲೇ ಇವರು ಮೊದಲು ನೋಡುವುದು ಬೆಲೆ, ಆಮೇಲೆ ಒಟ್ಟು ಪುಟ, ಅದಾದ ಮೇಲೆ ಹಿಂಬದಿ ರಕ್ಷಾಪುಟದಲ್ಲಿ ‘ಕೊನೆಯ ಪುಟದವರೆಗೂ ಕುತೂಹಲ’ ಎಂದು ಅಚ್ಚಾಗಿರುವ ಸಾಲು. ಅದನ್ನು ಓದುವಾಗ ತುಟಿಯ ಒಂದು ಅಂಚು ಕೊಂಚ ಮೇಲೇಳುತ್ತದೆ. ‘ನೋಡೇ ಬಿಡಾಣ’ ಎಂದು ಅಂಗಿ ಜೇಬಿನಿಂದ ಪೆನ್ಸಿಲ್ ತೆಗೆಯುತ್ತಾರೆ. ಹೊಸ ಪಾತ್ರ ಬಂದಂತೆಲ್ಲ ಹೆಸರಿನ ಪಕ್ಕ ಒಂದು ಚುಕ್ಕೆ. ಅಡುಗೆಯವನು ಬಂದ, ಚುಕ್ಕೆ. ಡಾಕ್ಟರು ಬಂದರು, ಚುಕ್ಕೆ. ಸತ್ತವನ ಸೋದರಮಾವ ಸಾವಿನ ಮನೆಯಲ್ಲಿ ಕಾಫಿ ಕೇಳಿದ, ಎರಡು ಚುಕ್ಕೆ. ಅರವತ್ತನೇ ಪುಟದ ಹೊತ್ತಿಗೆ ಕಾದಂಬರಿಯಲ್ಲಿ ಉಸಿರಾಡುವ ಪ್ರತಿಯೊಬ್ಬರ ಪಕ್ಕದಲ್ಲೂ ಚುಕ್ಕೆ ಬಿದ್ದಿರುತ್ತದೆ. ಹಾಗಾಗಿ ಕೊನೆಗೆ ಯಾರ ಕೈಗೆ ಬೇಡಿ ಬಿದ್ದರೂ ಅವನು ಇವರಿಗೆ ಮೊದಲೇ ಗೊತ್ತಿದ್ದವನೇ. ಚುಕ್ಕೆ ಬೀಳದ ಒಬ್ಬನು ಕಡೆಯ ಅಧ್ಯಾಯದಲ್ಲಿ ಬಂದು ಕೊಲೆ ಒಪ್ಪಿಕೊಂಡನೋ, ಅದು ಲೇಖಕರು ಮಾಡಿದ ಅನ್ಯಾಯ. ಇವರ ಲೆಕ್ಕ ತಪ್ಪಿದ್ದಲ್ಲ.

ಇಂಥವರನ್ನು ಅರಸಿಕರೆಂದು ತಳ್ಳಿಹಾಕುವುದು ಸುಲಭ. ಹಾಗೆ ಮಾಡಿದರೆ ಇವರ ವಿಚಾರ ಅರ್ಥವಾಗುವುದಿಲ್ಲ. ನನ್ನ ವಾದವಿಷ್ಟೇ: ಇವರ ಉಗುರುಬೆಚ್ಚಗಿನ ಅಭಿಪ್ರಾಯಕ್ಕೂ ಓದಿದ ಪುಸ್ತಕಕ್ಕೂ ಸಂಬಂಧವೇ ಇಲ್ಲ. ತಾವು ಯಾಮಾರಲಿಲ್ಲ ಎಂದು ಊರಿಗೆ ಕೊಡುವ ದೃಢೀಕರಣ ಪತ್ರ ಅದು. ಪತ್ತೇದಾರಿ ಕಾದಂಬರಿಯ ಸುಖವಿರುವುದೇ ಯಾಮಾರುವುದರಲ್ಲಿ. ದುಡ್ಡು ಕೊಟ್ಟು, ನಿದ್ದೆ ಕೆಟ್ಟು, ಇನ್ನೂರು ಪುಟ ತಪ್ಪು ಮನುಷ್ಯನ ಬೆನ್ನು ಹತ್ತಿ, ಕಡೆಗೆ ಹಣೆ ಚಚ್ಚಿಕೊಳ್ಳುವುದರಲ್ಲಿ. ಆದರೆ ಯಾಮಾರುವುದೇ ಎಲ್ಲಕ್ಕಿಂತ ದೊಡ್ಡ ಅವಮಾನ ಎಂದುಕೊಂಡಿರುವ ಊರಿನಲ್ಲಿ ಆ ಸುಖವನ್ನು ಬಹಿರಂಗವಾಗಿ ಒಪ್ಪಿಕೊಳ್ಳುವುದು ಹೇಗೆ? ಒಳಗೆ ಪಟ್ಟ ಸುಖಕ್ಕೆ ಸಾಕ್ಷಿಗಳಿಗೇನೂ ಕೊರತೆಯಿಲ್ಲ. ಭಾನುವಾರ ಸಂಜೆ ಒಯ್ದ ಪುಸ್ತಕ ಮಂಗಳವಾರ ಬೆಳಿಗ್ಗೆಯೇ ವಾಪಸ್ಸು ಬರುತ್ತದೆ. ತಂದವರ ಕಣ್ಣು ಕೆಂಪಗಿರುತ್ತದೆ. ರಾತ್ರಿ ಒಂದೂವರೆಯವರೆಗೆ ದೀಪ ಆರಲಿಲ್ಲವೆಂದು ಹೆಂಡತಿಯೇ ಪಕ್ಕದ ಮನೆಯವರಿಗೆ ದೂರಿರುತ್ತಾರೆ. ‘ಅಂಥದ್ದೇನಿಲ್ಲ ಅದ್ರಲ್ಲಿ’ ಎನ್ನುತ್ತಲೇ ಇವರ ಕಣ್ಣು ಕಪಾಟಿನ ಮೇಲೆ ಓಡಾಡುತ್ತದೆ. ‘ಇವ್ರದ್ದೇ ಇನ್ನೊಂದಿದ್ರೆ ಕೊಡಿ. ಸುಮ್ನೆ, ಟೈಮ್‌ಪಾಸಿಗೆ.’ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ತೆಲುಗಿನಿಂದ ಕನ್ನಡಕ್ಕೆ ಬಂದು ಮನೆಮನೆಯನ್ನೂ ಬೆವರಿಸಿದ ಕಾಲದಲ್ಲೂ ಈ ಜಾತಿಯ ಓದುಗರು ‘ಪರವಾಗಿಲ್ಲ’ ಎಂದೇ ಹೇಳಿದ್ದು. ಹೇಳಿ, ರಾತ್ರಿ ಹಿತ್ತಲಿಗೆ ಹೋಗುವಾಗ ಬ್ಯಾಟರಿಯ ಜೊತೆಗೆ ಮಗನನ್ನೂ ಎಬ್ಬಿಸಿಕೊಂಡು ಹೋದರು.

ಈ ಎಚ್ಚರ ಇವರ ರಕ್ತಕ್ಕೆ ಇಳಿದದ್ದು ಹೇಗೆ ಎಂದು ಕೇಳಿದರೆ ಕಂದಾಯ ಇಲಾಖೆಯತ್ತ ಕೈ ತೋರಿಸಬೇಕಾಗುತ್ತದೆ. 1986ರಲ್ಲಿ ಬೆಂಗಳೂರು ಜಿಲ್ಲೆ ಒಡೆದು ಗ್ರಾಮಾಂತರ ಜಿಲ್ಲೆಯಾದಾಗ ಇಲ್ಲಿ ರಾಗಿ, ರೇಷ್ಮೆ, ದ್ರಾಕ್ಷಿಯ ಮಾತು ನಡೆಯುತ್ತಿತ್ತು. ಜಮೀನನ್ನು ಎಕರೆ ಗುಂಟೆಗಳಲ್ಲಿ ಎಣಿಸುತ್ತಿದ್ದರು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಪಕ್ಕ ವಿಮಾನ ಇಳಿಯತೊಡಗಿದ ಮೇಲೆ ಲೆಕ್ಕ ಚದರಡಿಗೆ ಬಂತು. ಅಂದಿನಿಂದ ಇಲ್ಲಿ ಪ್ರತಿ ಮನೆಯಲ್ಲೂ ಒಬ್ಬ ಪತ್ತೇದಾರ. ಒಂದು ನಿವೇಶನ ಕೊಳ್ಳಬೇಕೆಂದರೆ ಪಹಣಿ ನೋಡಬೇಕು. ಪಹಣಿಯಲ್ಲಿ ಹೆಸರಿರುವ ಕಾಲಂ ನೋಡಿ ಸುಮ್ಮನಾಗುವವನು ದಡ್ಡ, ಋಣಗಳಿರುವ 11ನೇ ಕಾಲಂ ನೋಡುವವನು ಜಾಣ. ಮ್ಯುಟೇಶನ್ ನೋಡಬೇಕು, ಆಕಾರಬಂದ್ ನೋಡಬೇಕು, ಪೋಡಿ ಆಗಿದೆಯೋ ಇಲ್ಲವೋ ವಿಚಾರಿಸಬೇಕು. ಮೂವತ್ತು ವರ್ಷದ ಋಣಭಾರ ಪತ್ರ (ಇಸಿ) ತೆಗೆಸಿ, ನಡುವೆ ಯಾವನೋ ಒಬ್ಬ ಸೊಸೈಟಿಗೆ ಅಡ ಇಟ್ಟು ಬಿಡಿಸದೇ ಸತ್ತಿದ್ದಾನೆಯೇ ಎಂದು ಹುಡುಕಬೇಕು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಆ ಕ್ರಯ ನಿಲ್ಲುವುದಿಲ್ಲವೆಂಬುದು ಇಲ್ಲಿ ಕಾನೂನು ಓದದವರಿಗೂ ಬಾಯಿಪಾಠ. ಇಷ್ಟೆಲ್ಲ ಆಗಿ ನೋಂದಣಿಯ ದಿನ ಹೆಬ್ಬೆಟ್ಟಿಗೆ ಶಾಯಿ ಹಚ್ಚುವ ಹೊತ್ತಿಗೆ, ವಂಶವೃಕ್ಷದಲ್ಲಿ ಎಲ್ಲೂ ಇಲ್ಲದ ಸೋದರತ್ತೆಯೊಬ್ಬರು ಆಟೋದಿಂದ ಇಳಿದು ಬಂದು ‘ನಂದೂ ಒಂದು ಭಾಗ ಐತೆ ಕಣಪ್ಪ’ ಎಂದು ಬೆಂಚಿನ ಮೇಲೆ ಕೂತುಬಿಡುತ್ತಾರೆ. ಇಂಥದ್ದನ್ನು ಕಣ್ಣಾರೆ ಕಂಡವರ ಎದುರು, ಹನ್ನೆರಡನೆಯ ಅಧ್ಯಾಯದಲ್ಲಿ ಸತ್ತನೆಂದುಕೊಂಡವನ ಅವಳಿ ತಮ್ಮ ಸಿಂಗಪುರದಿಂದ ಬಂದಿಳಿದರೆ ಅವರೇನು ಬೆಚ್ಚಿಬೀಳಬೇಕೇ? ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು ಸರ್ಕಾರ ಸ್ವಾಧೀನಕ್ಕೆ ಹೊರಟಿದ್ದ 1,777 ಎಕರೆಗಾಗಿ 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ಭೂಸ್ವಾಧೀನ ಕೈಬಿಟ್ಟೆವೆಂದು ಸರ್ಕಾರ ಹೇಳಿದ್ದು 2025ರ ಜುಲೈ 15ರಂದು. ಮೂರು ವರ್ಷಕ್ಕೂ ಮಿಕ್ಕಿ ಪ್ರತಿ ಬೆಳಿಗ್ಗೆ ಮುಂದೇನಾಗುತ್ತದೋ ಎಂದು ಏಳುತ್ತಿದ್ದ ತಾಲ್ಲೂಕಿಗೆ ‘ಮುಂದೇನಾಯಿತು?’ ಎಂದು ದಪ್ಪ ಅಕ್ಷರದಲ್ಲಿ ಮುಗಿಯುವ ಅಧ್ಯಾಯ ತೋರಿಸಿದರೆ ‘ಪರವಾಗಿಲ್ಲ’ ಎನ್ನುವುದೇ ದೊಡ್ಡ ಮನಸ್ಸು.

ಹೀಗೆ ತರಬೇತಾದ ಓದುಗರು ಕಾದಂಬರಿಯಲ್ಲಿ ಹುಡುಕುವುದು ಕೊಲೆಗಾರನನ್ನಲ್ಲ, ದಾಖಲೆಯ ಲೋಪವನ್ನು. ರಕ್ತ ಗೋಡೆಗೆ ಸಿಡಿದ ಪುಟವನ್ನು ಕಣ್ಣು ಮಿಟುಕಿಸದೆ ದಾಟುವ ಇವರು, ಅದರ ಮುಂದಿನ ಪುಟದಲ್ಲಿ ಮುದುಕ ಜಮೀನ್ದಾರ ಒಬ್ಬನೇ ಕೋಣೆಯಲ್ಲಿ ಕೂತು ಉಯಿಲು ಬರೆದು ಬೀರುವಿನಲ್ಲಿಟ್ಟ ಎಂಬ ಸಾಲಿಗೆ ಬಂದು ಗಕ್ಕನೆ ನಿಲ್ಲುತ್ತಾರೆ. ಉಯಿಲನ್ನು ನೋಂದಣಿ ಮಾಡಿಸಲೇಬೇಕೆಂದಿಲ್ಲ ಸರಿ, ಆದರೆ ಇಬ್ಬರು ಸಾಕ್ಷಿಗಳ ಸಹಿ ಬೇಡವೇ? ಸಹಿಯಿಲ್ಲದ ಉಯಿಲಿಗಾಗಿ ಮೂರು ಕೊಲೆ ಮಾಡಿದವನು ಎಂಥ ಮುಠ್ಠಾಳ? ಇನ್ನು ತಂದೆಯ ಆಸ್ತಿಗಾಗಿ ಅಣ್ಣ ತಂಗಿಯನ್ನು ಕೊಲ್ಲುವ ಕಥೆ ಸಿಕ್ಕರಂತೂ ಸರಿಯೇ ಸರಿ. ಹೆಣ್ಣುಮಕ್ಕಳಿಗೂ ಸಮಪಾಲೆಂದು ಕರ್ನಾಟಕದಲ್ಲಿ 1994ರಲ್ಲೇ ತಿದ್ದುಪಡಿ ಬಂದಿದೆ, ಆದ್ದರಿಂದ ಕೊಲೆಗೆ ಕಾರಣ ಉಂಟು ಎಂದು ಮೊದಲು ಒಪ್ಪುತ್ತಾರೆ. ಆಮೇಲೆ ಬೆರಳೆತ್ತುತ್ತಾರೆ: ಹಿಂದೂ ಉತ್ತರಾಧಿಕಾರ ಕಾಯ್ದೆ, 1956, ಕಲಂ 25, ಕೊಂದವನಿಗೆ ಕೊಲೆಯಾದವರ ಆಸ್ತಿ ಬರುವುದಿಲ್ಲ. ಮುಗಿಯಿತಲ್ಲ ಕಥೆ? ಕೊಲೆಗಾರ ತಾನು ಸಿಕ್ಕಿಬೀಳುವುದಿಲ್ಲ ಎಂದುಕೊಂಡೇ ಕೊಂದಿರುತ್ತಾನೆ, ಕಲಂ ಓದಿ ಕೊಲ್ಲುವವರು ಲೋಕದಲ್ಲಿ ಇರುವುದಿಲ್ಲ ಎಂದು ಯಾರಾದರೂ ಹೇಳಿದರೆ ಇವರು ಕ್ಷಣಹೊತ್ತು ಸುಮ್ಮನಿದ್ದು, ‘ಅದ್ನೇ ಹೇಳಿದ್ದು ನಾನು, ಅವ್ನಿಗೆ ಬುದ್ಧಿ ಇಲ್ಲ’ ಎಂದು ಲೇಖಕರಿಗೂ ಕೊಲೆಗಾರನಿಗೂ ಸೇರಿಸಿ ಒಂದೇ ಮಾತು ಹೇಳುತ್ತಾರೆ. ಆದರೆ ನ್ಯಾಯವಾಗಿ ನೋಡಿದರೆ ಉಯಿಲಿನ ವಿಷಯದಲ್ಲಿ ಇವರು ಹೇಳಿದ್ದು ಸರಿ. ನಮ್ಮ ಕಾದಂಬರಿಕಾರರಲ್ಲಿ ಎಷ್ಟೋ ಜನ ಹೆಣವನ್ನು ಎಚ್ಚರದಿಂದ ಬರೆದು ದಸ್ತಾವೇಜನ್ನು ಕೈಗೆ ಬಂದಂತೆ ಬರೆಯುತ್ತಾರೆ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಪುಸ್ತಕವೇ ಉಗುರುಬೆಚ್ಚಗಿದ್ದರೆ ಓದುಗರು ಬಿಸಿಯಾಗುವುದು ಎಲ್ಲಿಂದ? ಒಪ್ಪತಕ್ಕ ಮಾತು. ನಾಲ್ಕನೇ ತರಗತಿಯವರೆಗೆ ಮಾತ್ರ ಓದಿದ್ದ ಎನ್. ನರಸಿಂಹಯ್ಯನವರು ‘ಪತ್ತೇದಾರ ಪುರುಷೋತ್ತಮ’ನಿಂದ ಶುರುಮಾಡಿ 500ಕ್ಕೂ ಹೆಚ್ಚು ಕಾದಂಬರಿ ಬರೆದು ಕನ್ನಡದ ಒಂದು ಇಡೀ ತಲೆಮಾರಿಗೆ ಓದುವ ಚಟ ಹತ್ತಿಸಿದರು. ಅಷ್ಟರಲ್ಲಿ ಎಲ್ಲವೂ ಒಂದೇ ಬಿಸಿಯಲ್ಲಿ ಇರುವುದು ಸಾಧ್ಯವಿಲ್ಲ, ಇರಬೇಕೆಂದು ಅವರೂ ಹಟ ಹಿಡಿದಿರಲಿಕ್ಕಿಲ್ಲ. ಕೆಲವು ಪುಸ್ತಕ ‘ಪರವಾಗಿಲ್ಲ’ ಎನ್ನುವುದಕ್ಕಷ್ಟೇ ಯೋಗ್ಯ; ಕೆಲವಕ್ಕೆ ಆ ಯೋಗ್ಯತೆಯೂ ಇರುವುದಿಲ್ಲ. ತೊಂದರೆ ಅದಲ್ಲ. ನಮ್ಮ ಓದುಗರು ನರಸಿಂಹಯ್ಯನವರಿಗೂ ಅದೇ ಅಂಕ ಕೊಡುತ್ತಾರೆ, ಟಿ.ಕೆ. ರಾಮರಾಯರಿಗೂ ಅದೇ ಅಂಕ, ತೇಜಸ್ವಿಯವರ ‘ಜುಗಾರಿ ಕ್ರಾಸ್’ಗೂ ಅದೇ ಅಂಕ. ನೂರಕ್ಕೆ ಐವತ್ತೆರಡು. ಕೈಗೆ ಬಂದ ಉತ್ತರಪತ್ರಿಕೆಗೆಲ್ಲ ಐವತ್ತೆರಡೇ ಕೊಡುವ ಮೇಷ್ಟ್ರು ಮಕ್ಕಳನ್ನು ಅಳೆಯುತ್ತಿಲ್ಲವೆಂದು ಯಾರಾದರೂ ಹೇಳಬಲ್ಲರು. ‘ಜುಗಾರಿ ಕ್ರಾಸ್’ ಬಗ್ಗೆ ಹೇಳುವಾಗ ಮಾತ್ರ ‘ಪರವಾಗಿಲ್ಲ’ಕ್ಕೆ ಮುಂಚೆ ಕೊಂಚ ಉದ್ದದ ಮೌನ ಇರುತ್ತದೆ ಎನ್ನುವುದನ್ನು ಇವರ ಪರವಾಗಿ ದಾಖಲಿಸಬೇಕು.

ಇನ್ನೊಂದು ಆಕ್ಷೇಪವೂ ಉಂಟು: ಇದು ಈ ಕಡೆಯ ಜನರ ಸ್ವಭಾವ, ಬಾಯಿ ತುಂಬ ಹೊಗಳುವುದು ಇವರ ಜಾಯಮಾನವಲ್ಲ, ಅದಕ್ಕೇಕೆ ಇಷ್ಟು ದೊಡ್ಡ ಸಿದ್ಧಾಂತ? ಇದನ್ನು ಹೊಸಕೋಟೆಯಲ್ಲೇ ಪರೀಕ್ಷಿಸಬಹುದು. ಬೆಳಗಿನ ಜಾವ ನಾಲ್ಕಕ್ಕೆ ಸ್ವೆಟರ್ ಹಾಕಿಕೊಂಡು ದಮ್ ಬಿರಿಯಾನಿಗೆ ಸಾಲು ನಿಂತು ಬಂದವರ ಬಾಯಲ್ಲಿ ಯಾರಾದರೂ ‘ಪರವಾಗಿಲ್ಲ, ತಿನ್ಬೋದು’ ಎಂಬ ಮಾತು ಕೇಳಿದ್ದಾರೆಯೇ? ಬಿರಿಯಾನಿ ಬೇಡದವರಿಗೆ ಇನ್ನೂ ಗಟ್ಟಿ ಸಾಕ್ಷಿ ‘ಕುರುಕ್ಷೇತ್ರ’ ನಾಟಕ. ಊರಹಬ್ಬಕ್ಕೋ ಜಾತ್ರೆಗೋ ಬಾಡಿಗೆ ಸೀನರಿ ಕಟ್ಟಿ, ರಾತ್ರಿ ಒಂಬತ್ತಕ್ಕೆ ಎಂದು ಕರಪತ್ರ ಹಾಕಿಸಿ ಹತ್ತೂವರೆಗೆ ಶುರುಮಾಡಿ, ಹೊತ್ತು ಹುಟ್ಟುವವರೆಗೂ ಆಡುತ್ತಾರೆ. ದುರ್ಯೋಧನನ ಪಾತ್ರಕ್ಕೆ ಎಲ್ಲರಿಗಿಂತ ಹೆಚ್ಚು ದುಡ್ಡು ಕಟ್ಟಿದವನು ಫ್ಲೆಕ್ಸಿನಲ್ಲೂ ಎಲ್ಲರಿಗಿಂತ ದೊಡ್ಡದಾಗಿ ಇರುತ್ತಾನೆ. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಎಳೆಯುತ್ತಿದ್ದಂತೆ, ಮುಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕೂತು ‘ಒನ್ಸ್ ಮೋರ್’ ಎಂದು ಕೂಗುವವರು ಯಾರು? ಇವರೇ, ನಮ್ಮ ಅರವತ್ತನೇ ಪುಟದವರೇ. ದುರ್ಯೋಧನನ ತೊಡೆ ಮುರಿಯುತ್ತದೆಂದು ಇವರಿಗೆ ಆರನೇ ವಯಸ್ಸಿನಲ್ಲೇ ಗೊತ್ತು. ಮುರಿಯುವವನು ಯಾರು, ಯಾವ ಆಯುಧದಿಂದ, ಯಾರು ಸನ್ನೆ ಮಾಡಿ ತೋರಿಸಿದರು ಎಂಬುದೂ ಗೊತ್ತು. ಆದರೂ ಬೆಳಗಿನ ಜಾವ ಐದಕ್ಕೆ ಗದೆ ಏಳುವಾಗ ಬೀಡಿ ಬೆರಳಲ್ಲೇ ಸುಟ್ಟುಹೋಗುತ್ತದೆ, ಕಣ್ಣಲ್ಲಿ ನೀರು. ಮಾರನೆಯ ದಿನ ಟೀ ಅಂಗಡಿಯಲ್ಲಿ ‘ಏನ್ ಆಕ್ಟಿಂಗು ಅಂತೀಯ’ ಎಂದು ಬಾಯಿ ತುಂಬ ಹೇಳುತ್ತಾರೆ. ಹಾಗಾದರೆ ಇವರ ಮೈಯಲ್ಲಿ ಬಿಸಿಯೇ ಇಲ್ಲವೆನ್ನುವಂತಿಲ್ಲ. ‘ಕುರುಕ್ಷೇತ್ರ’ದಲ್ಲಿ ಯಾರೂ ಇವರಿಂದ ಏನನ್ನೂ ಮುಚ್ಚಿಟ್ಟಿಲ್ಲ, ದಾಖಲೆಗಳೆಲ್ಲ ಸರಿಯಾಗಿವೆ, ಹಕ್ಕುದಾರರೆಲ್ಲ ಹಾಜರಿದ್ದಾರೆ. ಕಾವಲು ಕಾಯುವ ಕೆಲಸವಿಲ್ಲದ ಕಡೆ ಮನಸ್ಸು ಬಿಚ್ಚಿಕೊಳ್ಳುತ್ತದೆ.

ಪತ್ತೇದಾರಿ ಬರಹವೇ ಕೀಳು, ಅದಕ್ಕೆ ‘ಪರವಾಗಿಲ್ಲ’ವೇ ಹೆಚ್ಚು ಎನ್ನುವ ಪಂಡಿತರೂ ಇದ್ದಾರೆ. ಅವರ ಜೊತೆ ಬಹಳ ಹೊತ್ತು ವಾದಿಸಬೇಕಾಗಿಲ್ಲ. 1823ರಲ್ಲಿ ಕೆಂಪುನಾರಾಯಣ ಬರೆದ ‘ಮುದ್ರಾಮಂಜೂಷ’ವನ್ನು ಪಂಡಿತರು ಹೊಸಗನ್ನಡ ಗದ್ಯದ ಮೊದಲ ಮೆಟ್ಟಿಲೆಂದು ಕೈಮುಗಿದು ಪಾಠ ಹೇಳುತ್ತಾರೆ. ಅದರೊಳಗೆ ಇರುವುದೇನು? ಗೂಢಚಾರರು, ವೇಷಾಂತರ, ವಿಷಪ್ರಯೋಗ, ಮುದ್ರೆಯುಂಗುರ, ಎಲ್ಲರ ಹೆಜ್ಜೆಯನ್ನೂ ಮೊದಲೇ ಲೆಕ್ಕ ಹಾಕಿ ಕೂತ ಚಾಣಕ್ಯ. ನವೆಂಬರ್ ಬಂದರೆ ದೊಡ್ಡಬಳ್ಳಾಪುರದ ಆಟೋ ನಿಲ್ದಾಣದಿಂದ ಹಿಡಿದು ವಿಧಾನಸೌಧದವರೆಗೆ ಹಾರುವ ಹಳದಿ ಕೆಂಪು ಬಾವುಟವನ್ನು ರೂಪಿಸಿಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಹೊರದೇಶದಲ್ಲೂ ಈ ಬಗೆಯನ್ನು ಬೈದವರಿಲ್ಲದಿಲ್ಲ. ಅಗಾಥಾ ಕ್ರಿಸ್ಟಿಯ 1926ರ ಕಾದಂಬರಿಯಲ್ಲಿ ರೋಜರ್ ಅಕ್‌ರಾಯ್ಡ್‌ನನ್ನು ಯಾರು ಕೊಂದರೆ ಯಾರಿಗೇನು ಎಂಬ ಅರ್ಥದ ತಲೆಬರಹ ಕೊಟ್ಟು 1945ರಲ್ಲಿ ಅಮೆರಿಕದ ವಿಮರ್ಶಕ ಎಡ್ಮಂಡ್ ವಿಲ್ಸನ್ ಲೇಖನವನ್ನೇ ಬರೆದ. (ಕೊಂದವರು ಯಾರೆಂದು ಇಲ್ಲಿ ಬರೆಯುವುದಿಲ್ಲ, ಪುಸ್ತಕಕ್ಕೆ ನೂರು ವರ್ಷವಾದರೂ ಇನ್ನೂ ಓದದವರು ಇರುತ್ತಾರೆ.) ವಿಲ್ಸನ್ ಕನಿಷ್ಠ ನೇರವಾಗಿ ದ್ವೇಷಿಸಿದ; ಇಷ್ಟಪಟ್ಟು ಓದಿ ಇಷ್ಟವಿಲ್ಲದಂತೆ ಮುಖ ಮಾಡಲಿಲ್ಲ. ನಮ್ಮವರು ದ್ವೇಷಿಸುವುದೂ ಇಲ್ಲ. ದ್ವೇಷಿಸಿದರೂ ಸಿಕ್ಕಿಬಿದ್ದಂತೆಯೇ ಎಂದು ಇವರಿಗೆ ಗೊತ್ತು.

ಇವರ ಕವಚದಲ್ಲಿ ಸಣ್ಣ ಬಿರುಕು ಕಾಣುವುದು ಕೆ.ಎನ್. ಗಣೇಶಯ್ಯನವರ ಕಾದಂಬರಿ ಕೈಗೆ ಬಂದಾಗ. ಅವರು ದೇವನಹಳ್ಳಿ ದಾರಿಯಲ್ಲೇ ಸಿಗುವ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಪ್ರಾಧ್ಯಾಪಕರಾಗಿದ್ದ ಕೃಷಿ ವಿಜ್ಞಾನಿ. ರೋಚಕ ಕಥೆಗೆ ಅಡಿಟಿಪ್ಪಣಿ, ಚಿತ್ರ, ಆಧಾರಗ್ರಂಥಗಳನ್ನು ಸೇರಿಸಿ ಬರೆಯುವವರು. ಹೊಯ್ಸಳ ಶಿಲ್ಪಗಳ ಕೈಯಲ್ಲಿ ಇರುವುದು ಮುಸುಕಿನ ಜೋಳದ ತೆನೆಯೇ ಎಂಬ ಪ್ರಶ್ನೆಯ ಸುತ್ತ ‘ಕನಕ ಮುಸುಕು’ ನಡೆಯುತ್ತದೆ. ಅಮೆರಿಕದ ಆ ಬೆಳೆ ಕೊಲಂಬಸ್ ಅಲ್ಲಿಗೆ ಹೋಗುವುದಕ್ಕೂ ಮುಂಚೆಯೇ ನಮ್ಮ ಕಲ್ಲಿನಲ್ಲಿ ಹೇಗೆ ಬಂತು ಎನ್ನುವುದು ಅಲ್ಲಿನ ಗುಟ್ಟು. ಹಿತ್ತಲಿನಲ್ಲೇ ಮುಸುಕಿನ ಜೋಳ ಹಾಕಿಕೊಂಡಿರುವ ನಮ್ಮ ಓದುಗರು ಕಥೆಯನ್ನು ಬಿಟ್ಟು ಟಿಪ್ಪಣಿಗೆ ಬೀಳುತ್ತಾರೆ. ಪೆನ್ಸಿಲ್ ಚುಕ್ಕೆಗಳು ಈಗ ಪಾತ್ರಗಳ ಪಕ್ಕದಲ್ಲಿಲ್ಲ, ಆಧಾರಗಳ ಪಕ್ಕದಲ್ಲಿವೆ. ಓದಿ ಮುಗಿಸಿದ ಮೇಲೆ ‘ಪರವಾಗಿಲ್ಲ’ ಎನ್ನುತ್ತಾರೆ ನಿಜ. ಆದರೆ ಮುಂದಿನ ತಿಂಗಳು ಮನೆಯವರನ್ನೆಲ್ಲ ಮೈಸೂರಿಗೆಂದು ಹೊರಡಿಸಿ ಹೊಯ್ಸಳ ದೇವಾಲಯವಿರುವ ಸೋಮನಾಥಪುರದ ಹತ್ತಿರ ಗಾಡಿ ತಿರುಗಿಸುತ್ತಾರೆ. ಕಾಗದಪತ್ರ ತೋರಿಸಿ ಕೇಳಿದವರಿಗೆ ಇವರು ಅರ್ಧ ನಂಬಿಕೆಯನ್ನಾದರೂ ಕೊಟ್ಟೇ ಕೊಡುತ್ತಾರೆ. ಇದೂ ನನ್ನ ವಾದಕ್ಕೇ ಸಾಕ್ಷಿ.

ಹಾಗಾದರೆ ಇವರಿಗೆ ಪುಸ್ತಕ ಕೊಡುವವರು ಏನು ಮಾಡಬೇಕು? ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ಮನಶ್ಶಾಸ್ತ್ರಜ್ಞರು 2011ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 12 ಸಣ್ಣಕಥೆಗಳನ್ನು ಕೆಲವರಿಗೆ ಹಾಗೆಯೇ ಓದಲು ಕೊಟ್ಟರು, ಕೆಲವರಿಗೆ ಕೊನೆಯನ್ನು ಮೊದಲೇ ಹೇಳಿ ಕೊಟ್ಟರು. ಕೊನೆ ಗೊತ್ತಿದ್ದವರೇ ಕಥೆಗಳನ್ನು ಹೆಚ್ಚು ಮೆಚ್ಚಿಕೊಂಡರಂತೆ. ಆಮೇಲಿನ ಬೇರೆ ಅಧ್ಯಯನಗಳು ಇದನ್ನು ಒಪ್ಪದೆ ತಗಾದೆ ತೆಗೆದಿವೆ, ಅದಿರಲಿ. ‘ಕುರುಕ್ಷೇತ್ರ’ ಕಂಡ ಜಿಲ್ಲೆಗೆ ಕ್ಯಾಲಿಫೋರ್ನಿಯಾದ ಸಾಕ್ಷಿ ಹೆಚ್ಚುವರಿಯಷ್ಟೇ. ಆದ್ದರಿಂದ ನಾಲ್ಕೂ ತಾಲ್ಲೂಕುಗಳ ಗ್ರಂಥಪಾಲಕರಲ್ಲಿ, ಪುಸ್ತಕ ಎರವಲು ಕೊಡುವ ನೆರೆಹೊರೆಯವರಲ್ಲಿ, ಅಳಿಯಂದಿರಲ್ಲಿ ಒಂದು ವಿನಂತಿ. ಇಂಥವರು ಪತ್ತೇದಾರಿ ಕಾದಂಬರಿ ಕೇಳಿಕೊಂಡು ಬಂದರೆ ಪುಸ್ತಕ ಕೈಗಿಡುವ ಮುಂಚೆಯೇ ಕೊಲೆಗಾರನ ಹೆಸರು ಹೇಳಿಬಿಡಿ. ಇವರು ನಿಮ್ಮನ್ನು ನಂಬುವುದಿಲ್ಲ. ಉಚಿತವಾಗಿ ಬಂದ ಮಾಹಿತಿಯನ್ನು ನಂಬಿ ಇವರು ಇವತ್ತಿನವರೆಗೆ ಒಂದು ಗುಂಟೆಯನ್ನೂ ಕೊಂಡವರಲ್ಲ. ನೀವೇಕೆ ಆ ಹೆಸರನ್ನೇ ಹೇಳಿದಿರಿ, ನಿಮಗೇನು ಲಾಭ, ನಿಜವಾದ ಕೊಲೆಗಾರ ನಿಮಗೇನಾಗಬೇಕು ಎಂಬ ಅನುಮಾನದಲ್ಲಿ ಮೊದಲ ಪುಟದಿಂದ ಕೊನೆಯ ಪುಟದವರೆಗೂ ಉಸಿರು ಬಿಗಿಹಿಡಿದು ಓದುತ್ತಾರೆ. ಹೇಳುವುದೇನೋ ಹೇಳಿ, ಆದರೆ ಸರಿಯಾದ ಹೆಸರನ್ನೇ ಹೇಳಿ. ತಪ್ಪು ಹೇಳಿದರೆ ‘ಅದೂ ಗೊತ್ತಿತ್ತು’ ಎನ್ನುತ್ತಾರೆ.